ನೂರಾ ಮೂವತ್ತೊಂದನೇ ಕಿಲೋಮೀಟರ್

ಅಕ್ಟೋಬರ್ 6, ಸೋಮವಾರ

ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಿಸುವಾಗ ಮತ್ತೆ ಒಂದು ಗಾಡಿ ತಪ್ಪಿತು. ಬೇಗಂಪೇಟೆ ಆಫೀಸು ಮುಟ್ಟಿದ್ದು 9.25ಕ್ಕೆ. ನಕ್ಷೆಯ ಶೀಟ್ 14 ತೆರೆದೆ. ಬಿಳಿ. ಬರೀ ಬಿಳಿ.

ಅಂಟಾರ್ಕ್ಟಿಕಾದ ಅಂಚಿನಿಂದ ಸಮುದ್ರಕ್ಕೆ ಚಾಚಿಕೊಂಡ ಪರ್ಯಾಯ ದ್ವೀಪ. ಮಡಿಸಿದ ಮೊಣಕೈಯಂತಿದೆ. ಊರಿಲ್ಲ, ರಸ್ತೆಯಿಲ್ಲ, ಒಂದು ಗಿಡವಿಲ್ಲ. ಉಪಗ್ರಹದ ಚಿತ್ರ ನೋಡಿ ಏರು ತಗ್ಗಿನ ಗೆರೆ ಎಳೆಯುವುದು ನನ್ನ ಕೆಲಸ. ನೆಲದ ಮೇಲೆ ಕಂದು ಗೆರೆ, ಹಿಮದ ಮೇಲೆ ನೀಲಿ. ಹನ್ನೊಂದು ವರ್ಷವಾಯಿತು. ನೀಲಿ ಗೆರೆ ನನ್ನಷ್ಟು ಚೆನ್ನಾಗಿ ಎಳೆಯುವವರು ಈ ಆಫೀಸಿನಲ್ಲಿಲ್ಲ — ಇಲ್ಲಿ ಬರೆದುಕೊಳ್ಳಲು ಯಾರ ಅಪ್ಪಣೆ ಬೇಕು?

ಡಿಸೆಂಬರಿನಲ್ಲಿ ಹನ್ನೆರಡು ಜನರ ತಂಡ ಅಲ್ಲಿ 210 ಕಿ.ಮೀ. ಒಳಗೆ ಹೋಗಿ ಹವಾಮಾನ ಅಳೆಯುವ ಯಂತ್ರ ನಿಲ್ಲಿಸಲಿದೆ. ಚೈನ್ ಮೇಲೆ ಓಡುವ ಭಾರದ ಗಾಡಿಗಳು. ಅವರ ದಾರಿ ನಮ್ಮ ನಕ್ಷೆಯ ಮೇಲೊಂದು ಕೆಂಪು ಗೆರೆ. ನವೆಂಬರ್ 10ರೊಳಗೆ ಮುಗಿಸಿ ಕೊಡಬೇಕು.

ಅಕ್ಟೋಬರ್ 14, ಮಂಗಳವಾರ

131ರಿಂದ 134ನೇ ಕಿಲೋಮೀಟರ್. ಏನೋ ಇದೆ.

ಕಂಪ್ಯೂಟರ್ ತಾನೇ ಮಾಡಿದ ಮೇಲ್ಮೈಯಲ್ಲಿ ಅಲ್ಲಿ ಏನೂ ಇಲ್ಲ, ಹಾಸಿದ ಬೆಡ್‌ಶೀಟಿನಷ್ಟು ನಯ. ಆದರೆ ಮಾರ್ಚ್ ತಿಂಗಳ ಚಿತ್ರದಲ್ಲಿ, ಸೂರ್ಯ ತೀರಾ ಕೆಳಗಿದ್ದಾಗ ತೆಗೆದದ್ದರಲ್ಲಿ, ಕೂದಲೆಳೆಯಂಥ ನೆರಳು. ಒಂದಲ್ಲ, ಎಂಟೋ ಒಂಬತ್ತೋ. ಹಿಮದಡಿ ಬಿರುಕುಗಳಿದ್ದರೆ? ಮೇಲೆ ತೆಳುವಾಗಿ ಹಿಮ ಮುಚ್ಚಿದ್ದರೆ ನಡೆಯುವವರಿಗೂ ಕಾಣುವುದಿಲ್ಲ.

ನಮ್ಮ ತಂಡದ ಮುಖ್ಯಸ್ಥ ಹನುಮಂತರಾಯರಿಗೆ ತೋರಿಸಿದೆ. ಕಲಬುರ್ಗಿ ಕಡೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತು. ಕನ್ನಡಕ ಮೇಲೇರಿಸಿ ನೋಡಿದರು.

“ಗಾಳಿ ಕೊರೆದ ಗೆರಿ ಅವು ದಾನೇಶ್ವರಿ. ಹಿಮದ ಮ್ಯಾಲ ಎಲ್ಲಾ ಕಡೆ ಇರ್ತಾವ.”

“ಸರ್, ಗಾಳಿ ಗೆರೆ ಉದ್ದುದ್ದ ಅದಾವ್ರಿ. ಇವು ಅಡ್ಡ ಅದಾವ.”

“ಶೀಟ್ ಮುಗಸ್ರಿ ಮೊದ್ಲ.”

ಅಕ್ಟೋಬರ್ 19, ಭಾನುವಾರ

ನಾಳೆ ದೀಪಾವಳಿ. ಕೂಕಟ್‌ಪಲ್ಲಿ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಅವ್ವ ಒಳಗೆ ಕರ್ಚಿಕಾಯಿ ಕರಿಯುತ್ತಿದ್ದಳು. ನಾನು ಹಾಳೆಯ ಮೇಲೆ ಅವೇ ಅಡ್ಡ ಗೆರೆಗಳನ್ನು ಗೀಚುತ್ತ ಕೂತಿದ್ದೆ. ಅಪ್ಪ ಬಗ್ಗಿ ನೋಡಿದ.

ಅಪ್ಪ ಗೌಂಡಿ. ಸುರಪುರದಿಂದ ಬಂದು ಮೂವತ್ತಾರು ವರ್ಷ ಈ ಊರಲ್ಲಿ ಗೋಡೆ ಕಟ್ಟಿದ. ಮಾದಾಪುರದ ಎಷ್ಟು ಕಟ್ಟಡಗಳಲ್ಲಿ ಅವನ ಕೈಯಿದೆಯೋ. ಈಗ ಮೊಣಕಾಲು ನೋವು, ಮನೆಯಲ್ಲೇ. ಅವನಿಗೆ ಹೇಳಿದೆ — ಹಿಮ ನಿಂತಿಲ್ಲಪ್ಪ, ಮೆಲ್ಲಗೆ ಸಮುದ್ರದ ಕಡೆ ಜಾರುತ್ತದೆ, ಈ ಗೆರೆಗಳು ಅದಕ್ಕೆ ಅಡ್ಡ ಇವೆ.

“ಅಂದ್ರ ಕೆಳಗ ಬೀಮ್ ಐತಿ,” ಎಂದ.

“ಅಲ್ಲಿ ಎಲ್ಲೀ ಬೀಮಪ್ಪಾ?”

“ಬೀಮ್ ಅಲ್ದಿದ್ರ ಮತ್ತೇನೋ ಗಟ್ಟಿ ಐತಿ. ಸ್ಲ್ಯಾಬ್ ನಡುವ ಜೋತು ಬಿದ್ರ ಕೆಳಗ ಬಿರಿತೈತಿ. ಬೀಮಿನ ಮ್ಯಾಲ ಹಾದಲ್ಲಿ ಮ್ಯಾಲಿಂದ ಬಿರಿತೈತಿ. ಮ್ಯಾಲಿಂದ ಬಿರದೈತಿ ಅಂದ್ರ ಕೆಳಗ ಏನೋ ಎತ್ತಿ ಹಿಡದೈತಿ.”

ಪೆನ್ನು ಕೈಯಲ್ಲೇ ಉಳಿಯಿತು. ಆ ದಾರಿಯ ಎರಡೂ ಕಡೆ ಹಿಮದಿಂದ ಹೊರಬಂದ ಕಪ್ಪು ಕಲ್ಲಿನ ತುದಿಗಳಿವೆ — ಎಡಕ್ಕೊಂದು, ಬಲಕ್ಕೊಂದು. ಅವೆರಡನ್ನೂ ಸೇರಿಸಿದರೆ...

ಅಕ್ಟೋಬರ್ 22, ಬುಧವಾರ

ಸೇರಿಸಿದೆ. ಗೆರೆ ಸರಿಯಾಗಿ 132ನೇ ಕಿಲೋಮೀಟರಿನ ಮೇಲೆ ಹಾಯುತ್ತದೆ. ಹಿಮದ ಕೆಳಗೆ ಬೆಟ್ಟದ ಸಾಲಿದೆ. ಹಳೆಯ ನಾಲ್ಕು ವರ್ಷಗಳ ಚಿತ್ರ ತೆಗೆದೆ. ನಾಲ್ಕರಲ್ಲೂ ನೆರಳು ಅದೇ ಜಾಗದಲ್ಲಿ. ಗಾಳಿ ಗೆರೆ ವರ್ಷ ವರ್ಷವೂ ಒಂದೇ ಕಡೆ ಕೂರುತ್ತದೆಯೇ?

ಹನುಮಂತರಾಯರು ಈ ಸಲ ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಗೆ ಒರಗಿದರು.

“ದಾರಿ ತಿರುಗಿಸಿದ್ರ ಇಪ್ಪತ್ತಾರು ಕಿಲೋಮೀಟರ್ ಹೆಚ್ಚಾಗ್ತದ. ಅವರ ಡೀಸೆಲ್ ಲೆಕ್ಕ ಎಲ್ಲಾ ಆಗ್ಯದ. ನಮ್ಮ ಮಾತು ಸುಳ್ಳಾತು ಅಂದ್ರ ಮುಂದಿನ ಶೀಟ್ ಬ್ಯಾರೆದವರಿಗೆ ಹೋಗ್ತಾವ. ಬಿಟ್ಟಬಿಡ್ರಿ.”

ಬಿಟ್ಟು ಬಂದೆ. ಮೆಟ್ರೋದಲ್ಲಿ ಕೂತು ನನಗೇ ಹೇಳಿಕೊಂಡೆ — ಹೇಳಿದ್ದೀನಲ್ಲ, ನನ್ನ ಕೆಲಸ ಆಯಿತು.

ಮನೆಯಲ್ಲಿ ಅಪ್ಪನಿಗೂ ಅದನ್ನೇ ಹೇಳಿದೆ. ಅವನು ಚಹಾದ ಬಸಿ ಕೆಳಗಿಟ್ಟ. ಇಷ್ಟು ವರ್ಷ ಹೇಳದ ಮಾತು ಹೇಳಿದ. ಯಾವುದೋ ಸೈಟು, ಮೂರನೇ ಸ್ಲ್ಯಾಬು. ಬಿರುಕು ಮೊದಲು ಕಂಡದ್ದು ಅವನಿಗೇ. ಸೂಪರ್‌ವೈಸರನಿಗೆ ಹೇಳಿದ. ಅವನು ನಕ್ಕ. ಅಪ್ಪ ಸುಮ್ಮನಾದ. ಎಂಟನೇ ದಿನ ಸ್ಲ್ಯಾಬ್ ಕುಸಿಯಿತು, ಇಬ್ಬರು ಹೋದರು.

“ಒಮ್ಮೆ ಹೇಳಿದ್ದೆ, ದಾನಮ್ಮ. ಇನ್ನೊಮ್ಮೆ ಹೇಳಬೇಕಿತ್ತು.”

ಅವ್ವ ಒಲೆಯ ಮುಂದೆ ಹಾಗೇ ನಿಂತಿದ್ದಳು. ಅವಳಿಗೂ ಇದು ಹೊಸದು.

ಅಕ್ಟೋಬರ್ 23

ಇನ್ನೊಮ್ಮೆ ಹೇಳಿದೆ. ನಿಂತೇ.

“ನಿಮ್ಮ ಹೆಸರು ಹಾಕಿ ಬರೀತೀರೇನು?” ಎಂದರು ಹನುಮಂತರಾಯರು.

“ಬರೀತೀನ್ರಿ.”

ಒಂದು ಪುಟದ ಟಿಪ್ಪಣಿ. ಶೀಟಿನ ಮೇಲೆ 131ರಿಂದ 134ರವರೆಗೆ ಅಡ್ಡಡ್ಡ ನೀಲಿ ಗೀಟು, ‘ಬಿರುಕಿನ ಸಂಭವ, ಪರೀಕ್ಷಿಸದೆ ದಾಟಬಾರದು’. ಕೆಳಗೆ ನನ್ನ ಸಹಿ. ಪಕ್ಕದ ಸೀಟಿನ ಅಮಿತಾ ಹಣೆ ಹಣೆ ಚಚ್ಚಿಕೊಂಡಳು.

ನವೆಂಬರ್ 10, ಸೋಮವಾರ

ನನ್ನ ಟಿಪ್ಪಣಿಯ ಸಮೇತ ಶೀಟ್‌ಗಳು ತಂಡಕ್ಕೆ ಹೋದವು. ಸಂಜೆಗೆ ನನ್ನನ್ನು ಧ್ರುವದ ಕೆಲಸದಿಂದ ತೆಗೆದು ನಗರದ ನಾಲಾಗಳ, ಅಂದರೆ ಮಳೆನೀರಿನ ಕಾಲುವೆಗಳ, ನಕ್ಷೆಗೆ ಹಾಕಿದರು. ‘ಸದ್ಯಕ್ಕೆ’ ಅಂತೆ.

ಡಿಸೆಂಬರ್ 18

ನಾಲಾ. ನಾಲಾ. ನಾಲಾ. ತಂಡ ಕರಾವಳಿ ಬಿಟ್ಟು ಆರು ದಿನವಾಯಿತಂತೆ. ಅಪ್ಪ ದಿನಾ ಕೇಳುತ್ತಾನೆ. ನನಗೆ ಊಟ ಸೇರುತ್ತಿಲ್ಲ. ನಾನು ಹೇಳಿದ್ದು ತಪ್ಪಾಗಿದ್ದರೆ ನಗಲಿ, ಪರವಾಗಿಲ್ಲ. ಟಿಪ್ಪಣಿ ಓದದೇ ಹೋಗಿದ್ದರೆ?

ಡಿಸೆಂಬರ್ 26, ಶುಕ್ರವಾರ, ಮಧ್ಯಾಹ್ನ

ಬರೆಯಲು ಆಗುತ್ತಿಲ್ಲ. ಬರೆಯುತ್ತೇನೆ.

11.10ಕ್ಕೆ ಹನುಮಂತರಾಯರು ಆಫೀಸಿನ ನಡುವೆ ಬಂದು ನಿಂತರು. ಎಲ್ಲರಿಗೂ ಕೆಲಸ ನಿಲ್ಲಿಸಲು ಹೇಳಿದರು. ತಂಡದ ನಾಯಕನ ಮೇಲ್ ಓದಿದರು. ನನ್ನ ನೀಲಿ ಗೀಟು ನೋಡಿ 129ರಲ್ಲೇ ಗಾಡಿ ನಿಲ್ಲಿಸಿದ್ದಾರೆ. ಹಗ್ಗ ಕಟ್ಟಿಕೊಂಡು ಇಬ್ಬರು ಹಿಮದಡಿ ಏನಿದೆ ಎಂದು ತೋರಿಸುವ ರಾಡಾರ್ ಎಳೆದುಕೊಂಡು ಮುಂದೆ ಹೋಗಿದ್ದಾರೆ. ಹನ್ನೊಂದು ಬಿರುಕು. ದೊಡ್ಡದು ಒಂದು ಲಾರಿ ಅಡ್ಡಡ್ಡ ಇಳಿಯುವಷ್ಟು ಅಗಲ. ಮೇಲಿನ ಹಿಮ ಒಂದು ಮೊಳ. ಆ ದಾರಿ ಬಿಟ್ಟು ಸುತ್ತಿ ಹೋಗಿದ್ದಾರೆ. ಹನ್ನೆರಡೂ ಜನ ಕ್ಷೇಮ.

ಕೊನೆಯ ಸಾಲು — ‘ಸಹಿ ಮಾಡಿದವರಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ.’

ಹನುಮಂತರಾಯರು ಕನ್ನಡಕ ತೆಗೆದರು. ಎಲ್ಲರ ಮುಂದೆ, ಕನ್ನಡದಲ್ಲೇ: “ನಾ ಗಾಳಿ ಅಂದಿದ್ದೆ. ನಂದು ತಪ್ಪಾತು, ದಾನೇಶ್ವರಿ.”

ಅರ್ಧ ಜನಕ್ಕೆ ಮಾತು ತಿಳಿಯಲಿಲ್ಲ. ಆದರೂ ಚಪ್ಪಾಳೆ ಹೊಡೆದರು. ಅಮಿತಾ ತಬ್ಬಿಕೊಂಡಳು. ನಾನು ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದು ಬಂದೆ. ಕನ್ನಡಿಯಲ್ಲಿ ನನ್ನನ್ನೇ ನೋಡಿ ನಕ್ಕಿದ್ದೂ ನಿಜ.

ಅದೇ ದಿನ, ಸಂಜೆ 7

ಅಪ್ಪ ಎರಡು ಸಲ ಹೇಳಿಸಿಕೊಂಡ. “ಹನ್ನೆರಡು ಮಂದಿ?” ಎಂದ. “ಹನ್ನೆರಡು ಮಂದಿಯಪ್ಪಾ.” ತಲೆಯ ಮೇಲಿನ ಟವೆಲ್ ತೆಗೆದು ಮುಖಕ್ಕೆ ಒತ್ತಿಕೊಂಡ. ಅವ್ವ ಇಬ್ಬರಿಗೂ ಬಡಿಸಿದಳು.

ಜನವರಿ 12, ಸೋಮವಾರ

ಬೀಮಿನ ಮಾತು ನನ್ನಿಂದ ತಿಳಿದು ಹನುಮಂತರಾಯರೇ ಅಪ್ಪನನ್ನು ಆಫೀಸಿಗೆ ಕರೆಸಿದ್ದರು. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದ. ಬಾಗಿಲಲ್ಲಿ ಚಪ್ಪಲಿ ಬಿಡಹೋದ. “ಹಾಕ್ಕೊಂಡ ಬರ್ರಿ ಮಲ್ಲಣ್ಣ,” ಎಂದು ಅವರೇ ಕುರ್ಚಿ ಎಳೆದುಕೊಟ್ಟರು. ಆಫೀಸಿನ ಎಲ್ಲರಿಗೂ ಅಪ್ಪ ತೆಲುಗಿನಲ್ಲಿ ಒಂದೇ ಮಾತು ಹೇಳಿದ: “ನಾ ಕೂತುರು.” ನನ್ನ ಮಗಳು.

ನನ್ನ ಪರದೆಯ ಮುಂದೆ ಕೂತು ಬಿಳಿ ಜಾಗಕ್ಕೆ ಬೆರಳಿಟ್ಟ.

“ಈ ಕಡೆ ಏನೈತಿ?”

“ಅದು ಶೀಟ್ 19 ಅಪ್ಪಾ. ಇನ್ನೂ ಯಾರೂ ಬರದಿಲ್ಲ.”

“ಆ ಶೀಟು ನಿಮ್ಮ ಮಗಳದ್ದೇ,” ಎಂದರು ಹನುಮಂತರಾಯರು. “ಇವತ್ತಿಂದ ಧ್ರುವದ ಶೀಟ್ ಬರೆಯೋ ತಂಡಕ್ಕ ಅವರೇ ಹಿರಿಯರು.”

ಅಪ್ಪ ನನ್ನ ಕಡೆ ತಿರುಗಿದ. “ಕುಂತೀ ಯಾಕ ಮತ್ತ? ಬರಿ.”

ಅವನನ್ನು ಬಸ್ಸಿಗೆ ಹತ್ತಿಸಿ ಬಂದು ಶುರು ಮಾಡಿದೆ. 3.40. ಕರಾವಳಿಯ ಎಡತುದಿಯಿಂದ. ಮೊದಲೊಂದು ಸಣ್ಣ ಕೊಲ್ಲಿ. ಅದನ್ನು ದಾಟಿದರೆ ಹಿಮದ ಗೋಡೆ. ಗೋಡೆಯ ಆಚೆ ಇನ್ನೂ ಬಿಳಿ.