ಗೇಟಿನ ಮೇಲಿನ ಸನ್ನೆ

ಅಲೆಕ್ಸಾಂಡ್ರಿಯಾ, ಭಾನುವಾರ

ಮುಖ್ಯೋಪಾಧ್ಯಾಯಿನಿ ಶಾಹಿನಾಜ್ ಹಾನಿಮ್ ಅವರಿಗೆ,

ಕಿವುಡು ಟೀಚರ್ ಇಜ್ಲಾಲಳ ಸಲಾಮು. ನಿಮ್ಮ ಪತ್ರ ತಲುಪಿತು. ನನ್ನ ಕೈಗಳನ್ನು ನೋಡಿ ಸನ್ನೆಭಾಷೆ ಕಲಿತ ಕೃತಕ ಬುದ್ಧಿಮತ್ತೆಯ ಯಂತ್ರ ಈಗ ನನ್ನ ತರಗತಿಗೆ ಪಾಠ ಮಾಡುತ್ತಿದೆಯಂತೆ, ಸಂತೋಷ. "ಯಂತ್ರ ಬಂತಲ್ಲ, ಇನ್ನು ಇವಳ ಕೈಗೆ ರಜ" ಎಂದು ನೀವು ಗುಮಾಸ್ತರ ಕಡೆ ತಿರುಗಿ ನಕ್ಕಿದ್ದನ್ನು ನನ್ನನ್ನು ಕೆಲಸದಿಂದ ತೆಗೆದ ದಿನವೇ ನಿಮ್ಮ ತುಟಿಯಲ್ಲಿ ಓದಿದ್ದೆ.

ಆ ಸನ್ನೆಯ ಅರ್ಥವೇನೆಂದು ನೀವು ಕೇಳಿದ್ದಕ್ಕೆ ಉತ್ತರ. ನಾವು ಕಿವುಡರು ಯಾರ ಹೆಸರನ್ನೂ ಪ್ರತಿ ಸಲ ಅಕ್ಷರ ಬಿಡಿಸಿ ಹೇಳುವುದಿಲ್ಲ. ಅವರಲ್ಲಿ ಕಂಡದ್ದನ್ನೇ ಒಂದು ಸನ್ನೆ ಮಾಡಿ ಹೆಸರಿಡುತ್ತೇವೆ. ಯಂತ್ರದ ಪರದೆಯ ಮೇಲೆ ಪಾಠ ಮಾಡುವ ಗೊಂಬೆ ಎರಡು ಮಣಿಕಟ್ಟು ಜೋಡಿಸಿ ತೋರಿಸುವುದು ನಿಮ್ಮ ಹೆಸರೇ. ಇಟ್ಟವರು ಮಕ್ಕಳು, ಯಂತ್ರಕ್ಕೆ ಕಲಿಸಿದವಳು ನಾನು. ಅದನ್ನು 'ಒಗ್ಗಟ್ಟು' ಎಂದುಕೊಂಡು ನೀವು ಅತಿಥಿಗಳ ಮುಂದೆ ಮಾಡಿ ತೋರಿಸಿದಿರಂತೆ.

ನನ್ನ ತರಗತಿಯ ರಹ್ಮಾ ನೆನಪಿದ್ದಾಳೆಯೆ? "ಬಾಯಲ್ಲಿ ಮಾತಾಡೋದು ಕಲೀಲಿ" ಎಂದು ಅವಳ ತಲೆವಸ್ತ್ರದಿಂದಲೇ ಅವಳ ಕೈಗಳನ್ನು ಮಣಿಕಟ್ಟಿನಲ್ಲಿ ಜೋಡಿಸಿ ಕಟ್ಟಿ ಇಡೀ ಮಧ್ಯಾಹ್ನ ಕೂರಿಸಿದಿರಿ. ಮಕ್ಕಳು ನಿಮಗೆ ಹೆಸರಿಟ್ಟದ್ದು ಅಂದು.

ಶಾಲೆಯ ಗೇಟಿನ ಮೇಲೆ ನೀವು ಬರೆಸಿದ ಆ ಸನ್ನೆಯ ಚಿತ್ರವನ್ನು ನಿನ್ನೆ ಟ್ರಾಮಿನಿಂದ ನೋಡಿದೆ. ಬಂಗಾರದ ಬಣ್ಣ ಚೆನ್ನಾಗಿ ಒಪ್ಪಿದೆ. ಅದರ ಕೆಳಗೆ ಹಾದುಹೋಗುವಾಗ ಪುಟ್ಟ ಮಕ್ಕಳು ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದರು.

ಕಪಾಟಿನಲ್ಲಿ ನನ್ನ ಊದಾ ಶಾಲು ಉಳಿದಿದೆ, ಯಾರ ಕೈಯಲ್ಲಾದರೂ ಕಳಿಸಿಕೊಡಿ.

ಚಿತ್ರದ ಕೆಳಗೆ ಏನು ಬರೆಸಲಿ ಎಂದು ಕೇಳಿದ್ದಿರಿ. ನಿಮ್ಮ ಹೆಸರನ್ನೇ ಬರೆಸಿ.

ನಿಮ್ಮ ಶಾಲೆಯಲ್ಲಿದ್ದ,
ಇಜ್ಲಾಲ್