ಮಣ್ಣಾಗದ ಚೀಲ

ಮಾರ್ಚ್ ೧೨, ಗುರುವಾರ. ಸೌತ್ ಸಿ.

ಸಹಿ ಹಾಕಲಿಲ್ಲ. ಅದೇ ಕೊರೆಯುತ್ತಿದೆ.

ಮರಗೆಣಸಿನ ಪಿಷ್ಟವನ್ನೂ ಜೈವಿಕ ಪ್ಲಾಸ್ಟಿಕ್ಕನ್ನೂ ಬರೀ ಕಲಸಿದರೆ ಚೀಲ ಹರಿಯುತ್ತದೆ. ಕರಗಿಸಿ ಹಿಂಡುವ ಎಕ್ಸ್‌ಟ್ರೂಡರ್ ಯಂತ್ರದ ಬಿಸಿಯಲ್ಲೇ ಎರಡನ್ನೂ ಬೆಸೆಯುವ ರಾಸಾಯನಿಕ ಹಾಕಬೇಕು. ಹಾಕಿದೆ. ಚೀಲ ಗಟ್ಟಿಯಾಯಿತು, ಹೂತಿಟ್ಟಾಗ ಮಣ್ಣಲ್ಲಿ ಕರಗಿಯೂ ಹೋಯಿತು. ಕಾರ್ಖಾನೆಯ ಧಣಿಗೆ ಅದು ದುಬಾರಿಯಂತೆ. ಮಾಮೂಲಿ ಪಾಲಿಥಿನ್ ಬೆರೆಸಿ, ‘ಮಣ್ಣಾಗುತ್ತದೆ’ ಎಂದು ಅಚ್ಚು ಹಾಕುತ್ತಾರಂತೆ, ಪರೀಕ್ಷೆಯ ವರದಿಗೆ ನಾನು ಸಹಿ ಮಾಡಬೇಕಂತೆ. ಬಡವರ ಕೇರಿಯ ಚರಂಡಿಗೆ ಸುಳ್ಳು ತುಂಬುವ ದಂಧೆ. ಆಗಲ್ಲ ಅಂದೆ.

ಈ ಪರದೇಶದ ಕಾರ್ಖಾನೆಯಲ್ಲಿ ನನ್ನ ಬಿಟ್ಟರೆ ಕನ್ನಡದವರು ದತ್ತಾತ್ರೇಯ ಒಬ್ಬರೇ. ಊಟಕ್ಕೆ ಕೂತಾಗ ಪಿಸುಗುಟ್ಟಿದರು: “ಏನಮ್ಮಾ, ಇದೇನು ನಿಮ್ಮ ಜಾಥಾನಾ? ಪರ್ಮಿಟ್ ಕ್ಯಾನ್ಸಲ್ ಮಾಡಿಸ್ತಾರೆ. ಸುಮ್ನೆ ಸೈನ್ ಮಾಡಿ.”

“ನೀವಾಗಿದ್ರೆ ಮಾಡ್ತಿದ್ರಾ ಸರ್?”

“ನಂಗೆ ಮಕ್ಕಳಿದಾರೆ.”

ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು.

ಊರಿನ ಜಾಥಾಗಳಲ್ಲಿ ನಾನು ಧಿಕ್ಕಾರ ಎಂದರೆ ಹಿಂದಿನಿಂದ ನೂರು ಗಂಟಲು ಧಿಕ್ಕಾರ ಎನ್ನುತ್ತಿದ್ದವು. ಇವತ್ತು ಹಿಂದೆ ಯಾರೂ ಇರಲಿಲ್ಲ. ನಾಳೆಯೂ ಆಗಲ್ಲ ಅಂತಲೇ ಹೇಳುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸಂಜೆ ಮನೆಗೆ ಬರುವ ಮಟಾಟು ವ್ಯಾನಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸು ನನ್ನ ಮುಖ ನೋಡಿ, ಸರಿಯಿದ್ದೀಯಾ ಎನ್ನುವ ಹಾಗೆ, “ಸವಾ?” ಎಂದಳು. ಸವಾ ಅಂದೆ. ಅಂದು ಕಿಟಕಿ ಕಡೆ ತಿರುಗಿ ಅತ್ತುಬಿಟ್ಟೆ.