ಪಕ್ಕೀರಮ್ಮನ ಕಟ್ಟೆ

ಕೂಡ್ಲಿಗಿ, ೧೪ ಮಾರ್ಚ್ ೨೦೦೭, ಬುಧವಾರ

ಸೋಮವಾರ ಕೋರ್ಟಿನ ಬಾರ್ ರೂಮಿನಲ್ಲಿ ಜೊತೆಯ ವಕೀಲರಿಗೆಲ್ಲ ಪೇಡೆ ಹಂಚಿದ್ದು ನೆನೆದರೆ ಮೈ ಉರಿಯುತ್ತದೆ. ಕೌಟುಂಬಿಕ ಹಿಂಸೆಯ ಹೊಸ ಕಾಯ್ದೆಯಲ್ಲಿ ನನ್ನ ಮೊದಲ ಗೆಲುವಂತೆ! ನನ್ನ ಕಕ್ಷಿಗಾರ್ತಿ ಪಕ್ಕೀರಮ್ಮನನ್ನು ಹೊರಹಾಕಿದ್ದ ಗಂಡ ಅವಳನ್ನು ಮತ್ತೆ ಮನೆಯೊಳಗೆ ಇರಗೊಡಬೇಕೆಂದು ಕೋರ್ಟು ಹೇಳಿತ್ತು.

ಇವತ್ತು ಆದೇಶ ಹಿಡಿದು, ಪೇದೆಯೊಂದಿಗೆ ಅವಳನ್ನು ಹೊಸಹಳ್ಳಿಗೆ ಕರೆದೊಯ್ದರೆ ಮನೆಯೇ ಇಲ್ಲ. ಗಂಡ ಯರ್ರೆಪ್ಪ ತೊಲೆ, ಬಾಗಿಲು ಕಿತ್ತು ಅಣ್ಣನ ಹಿತ್ತಲಿಗೆ ಸಾಗಿಸಿ, ಗೋಡೆ ಕೆಡವಿಸಿದ್ದಾನೆ.

“ಹಳೇ ಮನಿ, ಬೀಳಂಗಿತ್ರಿ” ಎಂದು ಕೈ ಮುಗಿದ.

ಪೇದೆ ಮಣ್ಣಿನ ಗುಡ್ಡೆ ನೋಡಿ, “ಒಳಗ ಎಲ್ಲಿ ಬಿಡೋದ್ರಿ ಮೇಡಂ?” ಎಂದ.

ಪಕ್ಕೀರಮ್ಮ ಅಳಲಿಲ್ಲ. “ಅಕ್ಕಾರ, ಇಷ್ಟು ದಿನ ಹೊರಗ ಕಟ್ಟಿ ಮ್ಯಾಲಾದ್ರೂ ಮಲಗ್ತಿದ್ದೆ. ಈಗ ಕಟ್ಟೀನೂ ಹೋತ್ರಿ” ಎಂದಳು.

ಮತ್ತೊಂದು ಅರ್ಜಿ ಬರೆಯಲು ಕೂತಿದ್ದೇನೆ. ಮಲಗಲು ಒಂದು ಕಟ್ಟೆ ಕೊಡಿಸಿ ಎಂದು ಯಾವ ಕಲಮಿನಡಿ ಕೇಳಲಿ...